ಅಡಿಕೇನ ಯಾರೇ ಹುರೀತಾರೆ?

ಮಂಗಳವಾರ ರಾತ್ರಿ ಹತ್ತೂಕಾಲಿಗೆ ದೊಡ್ಡಪ್ಪನ ಫೋನು. ಹಲೋ ಇಲ್ಲ, ಊಟ ಆಯ್ತಾ ಅಂತ ಇಲ್ಲ, ಎತ್ತಿದ ಕೂಡ್ಲೇ "ಅಲ್ಲ ಮಾರಾಯ್ತಿ, ಅಡಿಕೇನ ಯಾರೇ ಹುರೀತಾರೆ?" ಅಂದ್ರು. ಟೀವೀಲಿ ಅಡಿಕೆ ಆಮದಿನ ಚರ್ಚೆ ಮುಗಿಸಿ ನಾನು ಇನ್ನೂ ಕ್ಯಾಬಲ್ಲಿದ್ದೆ, ಚಾನೆಲ್‌ನವರು ಬಳಿದ ಪೌಡರ್ ಕತ್ತಿನ ಹತ್ರ ಕೆರೀತಾ ಇತ್ತು. "ಕಾನೂನಲ್ಲಿ ಹುರೀತಾರೆ ದೊಡ್ಡಪ್ಪ" ಅಂದೆ. ನಗ್ತಾರೆ ಅನ್ಕೊಂಡಿದ್ದೆ. ನಗ್ಲಿಲ್ಲ. "ಹೌದಾ" ಅಂದು ಸ್ವಲ್ಪ ಹೊತ್ತು ಸುಮ್ನಿದ್ದು, "ಸರಿ, ಮಲ್ಕೋ" ಅಂತ ಇಟ್ಬಿಟ್ರು.

ಅದಾಗಿ ನಾಲ್ಕು ದಿನ ಆಯ್ತು, ಈ ಎರಡು ವಾಕ್ಯ ತಲೇಲಿ ತಿರುಗ್ತಾನೇ ಇದೆ, ಬರೆದ್ರಾದ್ರೂ ಇಳಿಯತ್ತಾ ನೋಡೋಣ.

ಚಾನೆಲ್ ಹುಡುಗ ಸಂಜೆ ನಾಲ್ಕಕ್ಕೆ ಫೋನ್ ಮಾಡಿದ್ದ. "ಮೇಡಂ ನೀವು ಇಂಟರ್‌ನ್ಯಾಷನಲ್ ಟ್ರೇಡು, ಕಾಂಪಿಟಿಷನ್ ಲಾ ಎರಡೂ ಮಾಡ್ತೀರಂತಲ್ಲ, ಅಡಿಕೆ ಆಮದು ಬಗ್ಗೆ ಒಂಬತ್ತು ಗಂಟೆ ಡಿಸ್ಕಷನ್ನಿಗೆ ಬನ್ನಿ, ಕನ್ನಡದಲ್ಲಿ ಮಾತಾಡೋ ಲಾಯರೇ ಸಿಕ್ತಿಲ್ಲ." ಕನ್ನಡದಲ್ಲಿ ಅಂದಿದ್ದಕ್ಕೆ ಒಪ್ಕೊಂಡೆ, ಸುಳ್ಳು ಯಾಕೆ ಹೇಳ್ಲಿ. ನಮ್ಮ ಈ ಫೀಲ್ಡೆಲ್ಲ ಡೆಲ್ಲೀದು. ಆಂಟಿ ಡಂಪಿಂಗ್ ತನಿಖೆ ಮಾಡೋ ಡಿಜಿಟಿಆರ್ ಅಲ್ಲಿ, ಕಂಪನಿಗಳು ಸೇರ್ಕೊಂಡು ಬೆಲೆ ಕಟ್ಟೋದನ್ನೆಲ್ಲ ವಿಚಾರಿಸೋ ಕಾಂಪಿಟಿಷನ್ ಕಮಿಷನ್ ಅಲ್ಲಿ, ವಾದ ಇಂಗ್ಲಿಷಲ್ಲಿ. ನಾನು ತೀರ್ಥಹಳ್ಳಿ ಕಡೆ ತೋಟದ ಮನೆಯವಳು, ಮಾಡೋ ಕೆಲಸ ಏನು ಅಂತ ಮನೆಯವರಿಗೆ ಇವತ್ತಿನವರೆಗೂ ಹೇಳಕ್ಕಾಗಿಲ್ಲ. ಅಮ್ಮ ನೆಂಟರ ಹತ್ರ "ಕಸ್ಟಮ್ಸ್ ಲಾಯರು" ಅಂತಾಳೆ, ಅಪ್ಪ "ಕಂಪನಿ ಕೇಸು" ಅಂತಾರೆ. ಒಂದ್ಸಲ ಟೀವೀಲಿ ನೋಡ್ಲಿ ಅಂತ ಆಸೆ.

ಹೋಗೋ ಮುಂಚೆ ಒಂದು ಕಂಡೀಷನ್ ಹಾಕಿದೆ, ಆಫೀಸ್ ಹೆಸರು, ನಂಬರ್ ಏನೂ ತೋರಿಸಬಾರ್ದು. ವಕೀಲರು ನೇರವಾಗೋ ಸುತ್ತಿ ಬಳಸಿಯೋ ಜಾಹೀರಾತು ಮಾಡ್ಕೋಬಾರ್ದು ಅಂತ ಬಾರ್ ಕೌನ್ಸಿಲ್‌ದು ರೂಲ್ 36 ಇದೆ, ತಾನು ನಡೆಸ್ತಿರೋ ಕೇಸಿನ ಬಗ್ಗೆ ಪೇಪರಲ್ಲಿ ಮಾತು, ಫೋಟೋ ಬರೋ ಹಂಗೆ ಮಾಡ್ಕೊಳ್ಳೋದೂ ಅದ್ರಲ್ಲೇ ಬರತ್ತೆ. ಸರಿ ಮೇಡಂ ಸರಿ ಮೇಡಂ ಅಂದ. ಹೋಗಿ ಕೂತ್ರೆ ಸ್ಕ್ರೀನ್ ಕೆಳಗೆ ನನ್ನ ಹೆಸರಿನ ಪಕ್ಕ "ಅಂತಾರಾಷ್ಟ್ರೀಯ ಲಾಯರ್" ಅಂತ ಹಾಕಿದಾರೆ. ಹಂಗಂದ್ರೆ ಏನು, ಪಾಸ್‌ಪೋರ್ಟ್ ಇರೋ ಲಾಯರಾ?

ಪ್ಯಾನಲ್ಲಲ್ಲಿ ಎರಡು ಪಾರ್ಟಿ ವಕ್ತಾರರು, ಒಬ್ಬ ವ್ಯಾಪಾರಿ, ನಾನು. ವಕ್ತಾರರ ಬಗ್ಗೆ ಹೇಳೋದೇನೂ ಇಲ್ಲ, ಬ್ರೇಕಲ್ಲಿ ಇಬ್ರೂ ಒಂದೇ ತಟ್ಟೆಯ ಗೋಡಂಬಿ ತಿಂತಾ ಮಕ್ಕಳ ಸ್ಕೂಲ್ ಫೀಸ್ ಮಾತಾಡ್ತಿದ್ರು, ಲೈಟ್ ಹತ್ತಿದ ತಕ್ಷಣ ಕಚ್ಚಾಡಕ್ಕೆ ಶುರು. ವ್ಯಾಪಾರಿ ಮಾತ್ರ ನಂಗೆ ಇಷ್ಟ ಆದ್ರು. ಅವ್ರಿಗೆ ಎಲ್ಲಾ ಗೊತ್ತಿತ್ತು, ಎಷ್ಟು ಹೇಳ್ಬೇಕು ಅಂತಾನೂ ಗೊತ್ತಿತ್ತು. ಆಂಕರ್ ದಡ್ಡ ಅಲ್ಲ, ಇದನ್ನ ಹೇಳ್ಲೇಬೇಕು, ಶುರುವಾಗೋ ಮುಂಚೆ ಅವ್ರು ನನ್ನ ಕೇಳಿದ ಪ್ರಶ್ನೆಗಳು ನಮ್ಮ ಎಷ್ಟೋ ಜೂನಿಯರ್‌ಗಳಿಗೆ ಹೊಳೆಯಲ್ಲ. ಕ್ಯಾಮೆರಾ ಆನ್ ಆದ್ಮೇಲೆ ಬೇರೆ ಮನುಷ್ಯ. "ಮೇಡಂ, ವಿದೇಶಿ ಅಡಿಕೆ ನಮ್ಮ ಮೇಲೆ ಡಂಪ್ ಆಗ್ತಿದೆ! ಸರ್ಕಾರ ಆಂಟಿ ಡಂಪಿಂಗ್ ಡ್ಯೂಟಿ ಯಾಕೆ ಹಾಕ್ತಿಲ್ಲ? ಒಂದೇ ಮಾತಲ್ಲಿ ಹೇಳಿ!"

ಒಂದೇ ಮಾತಲ್ಲಿ ಹೆಂಗ್ರೀ ಹೇಳೋದು. ಡಂಪಿಂಗ್ ಅಂದ್ರೆ ಲಾರಿ ಹಿಂದಿನ ಬಾಗಿಲು ತೆಗೆದು ಮಣ್ಣು ಸುರಿದಂಗೆ ಅಂತ ಎಲ್ಲರ ಕಲ್ಪನೆ. ಕಾನೂನಲ್ಲಿ ಅದಕ್ಕೆ ಬೇರೆ ಅರ್ಥ, ಅವ್ರ ದೇಶದಲ್ಲಿ ಮಾರೋ ಬೆಲೆಗಿಂತ ಕಡಿಮೆಗೆ ನಮಗೆ ಮಾರ್ಬೇಕು. ಡ್ಯೂಟಿ ಹಾಕ್ಬೇಕಾದ್ರೆ ಅದ್ರಿಂದ ಇಲ್ಲಿಯವರಿಗೆ ನಷ್ಟಾನೂ ಆಗಿರ್ಬೇಕು, ಆ ನಷ್ಟ ಅದ್ರಿಂದಾನೇ ಅಂತ ತೋರಿಸ್ಬೇಕು. ಸಾಮಾನ್ಯವಾಗಿ ಇಲ್ಲಿಯ ಬೆಳೆಗಾರರೇ ಅರ್ಜಿ ಹಾಕ್ಬೇಕು, ದೇಶದ ಒಟ್ಟು ಉತ್ಪಾದನೆಯಲ್ಲಿ ಕನಿಷ್ಠ 25 ಪರ್ಸೆಂಟ್‌ನವರ ಬೆಂಬಲ ಬೇಕು. ಅರ್ಧ ಎಕರೆ, ಒಂದು ಎಕರೆಯವರೇ ತುಂಬಿರೋ ಬೆಳೇಲಿ ಆ ಲೆಕ್ಕ ಕೂಡಿಸೋದು ತಮಾಷೆಯಲ್ಲ. ರೇಷ್ಮೆಗೆ ಹಿಂದೆ ಆಗಿದೆ, ಚೀನಾ ಕಚ್ಚಾ ರೇಷ್ಮೆ ಮೇಲೆ 2003ರಲ್ಲಿ ಹಾಕಿದ್ರು, ನಮ್ಮ ರಾಮನಗರ, ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನವರಿಗೆ ಅದು ನೆನಪಿರ್ಬೇಕು. ಅಡಿಕೇಲಿ ತೊಂದರೆ ಅದಲ್ಲ. ಮಾಮೂಲಿ ಆಮದು ಡ್ಯೂಟೀನೇ ಆಗ್ಲೇ 100 ಪರ್ಸೆಂಟ್ ಇದೆ. ಅದ್ರ ಮೇಲೆ ಕಿಲೋಗೆ 351 ರೂಪಾಯಿಗಿಂತ ಕಡಿಮೆ ರೇಟಿಗೆ ತರೋ ಹಂಗೇ ಇಲ್ಲ, ಮೊದಲು ಆ ಲೆಕ್ಕ 251 ಇತ್ತು, 2023ರ ಫೆಬ್ರವರೀಲಿ ಏರಿಸಿದ್ರು. ಗೋಡೆ ಎತ್ತರಾನೇ ಇದೆ, ಜನ ಗೋಡೆ ಪಕ್ಕದಿಂದ ಬರ್ತಾರೆ. ಒಂದಷ್ಟು ಗಡಿ ದಾಟಿ ಕಳ್ಳಸಾಗಣೆಯಲ್ಲಿ, ಒಂದಷ್ಟು ಬೇರೆ ದೇಶದ ಮಾಲಿಗೆ ನಮ್ಮ ಜೊತೆ ಡ್ಯೂಟಿ ರಿಯಾಯ್ತಿ ಒಪ್ಪಂದ ಇರೋ ದೇಶದ ಸರ್ಟಿಫಿಕೇಟ್ ಅಂಟಿಸಿ, ಒಂದಷ್ಟು ಹೆಸರು ಬದಲಾಯಿಸಿ. ಭೂತಾನದಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಗೆ 2022ರಲ್ಲಿ ಸರ್ಕಾರಾನೇ ಬಿಟ್ಟಿದ್ದು ಬೇರೆ ಕಥೆ.

ಇದ್ರಲ್ಲಿ ಮೂರನೇ ಒಂದು ಭಾಗ ಹೇಳಿರ್ಬೇಕು, ವಕ್ತಾರರೊಬ್ರು ಮಧ್ಯೆ ನುಗ್ಗಿದ್ರು. ಆಮೇಲೆ "ಹೆಸರು ಬದಲಾಯಿಸೋದು ಅಂದ್ರೆ?" ಅಂತ ಆಂಕರ್ ಕೇಳಿದಾಗ ಹುರಿದ ಅಡಿಕೆ ಕಥೆ ಹೇಳಿದ್ದು.

ಕಸ್ಟಮ್ಸಲ್ಲಿ ಪ್ರಪಂಚದ ಪ್ರತಿ ವಸ್ತುವಿಗೂ ಒಂದು ನಂಬರ್ ಇರತ್ತೆ. ಅಡಿಕೆದು 0802ರಿಂದ ಶುರು. ಒಣಗಿಸಿದ್ರೂ ಅದೇ. ಆದ್ರೆ ಹುರಿದು ತಂದ್ರೆ ಅದು ಅಡಿಕೆ ಅಲ್ಲ, "ತಯಾರಿಸಿದ ಕಾಯಿ", ನಂಬರ್ 2008. ನೋಡಿ, ಅವೇ ನಾಲ್ಕು ಅಂಕಿ, ಜಾಗ ಬದಲಾಗಿದೆ ಅಷ್ಟೇ, 0802 ಹೋಗಿ 2008. ಬ್ರಸೆಲ್ಸಲ್ಲಿರೋ ವಿಶ್ವ ಕಸ್ಟಮ್ಸ್ ಸಂಸ್ಥೆ ಬರೆದ ವಿವರಣೆಯಲ್ಲಿ ಬಾದಾಮಿ, ಕಡಲೆಕಾಯಿ ಜೊತೆ ಅಡಿಕೇನೂ ಸೇರಿಸಿ, ಹುರಿದದ್ದೆಲ್ಲ ಇಲ್ಲಿ ಬರತ್ತೆ ಅಂತ ಇದೆ. ಅಡಿಕೇನ ಕಡಲೆಕಾಯಿ ಥರ ಹುರಿದು ತಿಂತಾರೆ ಅಂತ ಅಲ್ಲಿ ಯಾರಿಗೆ ಅನ್ನಿಸ್ತೋ ಗೊತ್ತಿಲ್ಲ. ಈ ಒಂದು ಸಾಲು ಹಿಡ್ಕೊಂಡು ಇಲ್ಲಿ ವರ್ಷಗಟ್ಟಲೆ ಕೇಸು ನಡೀತು, ಮಾಲು ತರೋ ಮುಂಚೇನೇ ಯಾವ ನಂಬರ್ ಅಂತ ಕೇಳೋ ಅಡ್ವಾನ್ಸ್ ರೂಲಿಂಗಲ್ಲಿ ಆಮದುದಾರರಿಗೆ ಗೆಲುವು, 2023ರಲ್ಲಿ ಮದ್ರಾಸ್ ಹೈಕೋರ್ಟಲ್ಲೂ ಹುರಿದದ್ದು 2008 ಅಂತಾನೇ ಆಯ್ತು. ಆಗ ಆ ನಂಬರಿಗೆ ಡ್ಯೂಟಿ ಕಡಿಮೆ ಇತ್ತು, 351ರ ಕಟ್ಟುಪಾಡೂ ಇರ್ಲಿಲ್ಲ. ಕೊನೆಗೆ 2025ರ ಏಪ್ರಿಲ್‌ನಲ್ಲಿ ಸರ್ಕಾರ ಹುರಿದ ಅಡಿಕೆಗೂ 351 ಅಂತ ಮಾಡ್ತು.

ಇಷ್ಟು ಹೇಳುವಾಗ ಆಂಕರ್ ಜೋರಾಗಿ ನಕ್ಕು "ಹುರಿದ ಅಡಿಕೆ! ಕೇಳಿದ್ರಲ್ಲ ವೀಕ್ಷಕರೇ!" ಅಂದ್ರು, ನಾನೂ ನಕ್ಕೆ. ನಾನು ನಕ್ಕಿದ್ದು ಟೀವೀಲಿ ಬಂತು. ಊರಲ್ಲಿ ನೋಡಿದ್ರು.

ನಮ್ಮ ದೊಡ್ಡಪ್ಪನಿಗೆ ಎಪ್ಪತ್ತಾರು. ಸುಗ್ಗೀಲಿ ನಮ್ಮನೇಲಿ ಅಡಿಕೆ ಬೇಯಿಸೋದು ಅಂದ್ರೆ ಅವ್ರೇ. ಹೆಂಗಸ್ರು ಮೆಟ್ಟುಕತ್ತಿ ಮುಂದೆ ರಾತ್ರಿ ಹನ್ನೊಂದರವರೆಗೂ ಕೂತು ಸುಲೀತಾರೆ, ಬೆಳಗಿನ ಜಾವ ಹಂಡೆ ಒಲೆ ಮುಂದೆ ದೊಡ್ಡಪ್ಪ, ಕೈಯಲ್ಲಿ ಉದ್ದ ಹಿಡಿಯ ಜರಡಿ. ಬೆಂದಿದೆಯಾ ಅಂತ ನೋಡಕ್ಕೆ ಒಂದು ಹೋಳು ಎತ್ತಿ ಉಗುರಲ್ಲಿ ಒತ್ತುತಾರೆ, ಅಷ್ಟೇ ಟೆಸ್ಟು. ಚೊಗರು, ಅಂದ್ರೆ ಅಡಿಕೆ ಬೇಯಿಸಿದ ಕೆಂಪು ರಸ, ಹೆಚ್ಚಾದ್ರೆ ಬಣ್ಣ ಕಪ್ಪಾಗತ್ತೆ, ಕಮ್ಮಿ ಆದ್ರೆ ಮಂಡೀಲಿ ಮೂಸೋರಿಲ್ಲ. ಆಮೇಲೆ ಒಣಗಿ, ಆರಿಸಿ, ರಾಶಿ ಬೇರೆ ಬೆಟ್ಟೆ ಬೇರೆ ಸರಕು ಬೇರೆ ಗೊರಬಲು ಬೇರೆ. ಒಂದೇ ಗೊನೆಯ ಕಾಯಿ, ಕೊಯ್ಯೋ ವಯಸ್ಸು, ಬೇಯಿಸೋ ಹದ ನೋಡಿ ನಾಲ್ಕು ಹೆಸರು ನಾಲ್ಕು ರೇಟು. ಕರಾವಳಿ ಕಡೆಯವರು ಬೇಯಿಸೋದೇ ಇಲ್ಲ, ಬಿಸಿಲಲ್ಲಿ ಒಣಗಿಸಿ ಚಾಲಿ ಮಾಡ್ತಾರೆ. ಹುರಿಯೋದು ಮಾತ್ರ ಎಲ್ಲೂ ಇಲ್ಲ. ಹಂಗಾಗಿ ದೊಡ್ಡಪ್ಪ ಕೇಳಿದ್ದು ವ್ಯಂಗ್ಯಕ್ಕಲ್ಲ, ನಿಜವಾಗ್ಲೂ ತಿಳ್ಕೊಳ್ಳಕ್ಕೆ ಕೇಳಿದ್ದು. ಐವತ್ತು ವರ್ಷ ಒಂದು ಕೆಲಸ ಮಾಡಿದವ್ರಿಗೆ, ಗೊತ್ತಿಲ್ದೇ ಇರೋ ಇನ್ನೊಂದು ವಿಧಾನ ಎಲ್ಲೋ ಇದೆಯಂತೆ, ಅದು ಹೆಂಗೆ ಅಂತ. ನಾನು ಅದಕ್ಕೆ ಜೋಕ್ ಮಾಡಿದೆ.

ಬುಧವಾರ ನಾನೇ ಫೋನ್ ಮಾಡಿ ಸರಿಯಾಗಿ ಹೇಳಿದೆ, ನಂಬರು, ಡ್ಯೂಟಿ, ಹೈಕೋರ್ಟು ಎಲ್ಲಾ. ಪೂರ್ತಿ ಕೇಳಿದ್ರು. ಆಮೇಲೆ "ಹಂಗಾದ್ರೆ ಹುರಿದಿದ್ಯೋ ಇಲ್ವೋ ಅಂತ ಹೆಂಗೆ ನೋಡ್ತಾರೆ?" ಲ್ಯಾಬಲ್ಲಿ ತೇವಾಂಶ ಎಲ್ಲ ನೋಡ್ತಾರೆ ದೊಡ್ಡಪ್ಪ ಅಂದೆ. "ಒಣಗಿದ್ರೂ ತೇವ ಹೋಗತ್ತಲ್ಲೇ." ಇದು, ಇದೇ ಪಾಯಿಂಟು, ಕಸ್ಟಮ್ಸ್ ಪರ ವಕೀಲರು ಪುಟಗಟ್ಟಲೆ ಬರೆದು ಎತ್ತಿದ ಪಾಯಿಂಟು, ಈ ಮನುಷ್ಯ ಜಗಲಿ ಮೇಲೆ ಕೂತು ಆರು ಸೆಕೆಂಡಲ್ಲಿ ಹೇಳಿದ್ರು. "ಹೌದು ದೊಡ್ಡಪ್ಪ" ಅಂದೆ. "ನಿಂಗೆ ಇದೆಲ್ಲ ಇಷ್ಟು ಚೆನ್ನಾಗಿ ಹೆಂಗೆ ಗೊತ್ತು?" ಅಂದ್ರು.

ಇಲ್ಲಿ ನಾನು ಸಿಕ್ಕಿಹಾಕ್ಕೊಂಡೆ. ಐದಾರು ವರ್ಷದ ಹಿಂದೆ ಜೂನಿಯರ್ ಆಗಿದ್ದಾಗ ಇಂಥದ್ದೇ ಒಂದು ಫೈಲ್ ನನ್ನ ಟೇಬಲ್ ಮೇಲಿತ್ತು, ಆಮದುದಾರರ ಕಡೆಯಿಂದ. ಯಾರು ಎತ್ತ ಹೇಳೋ ಹಂಗಿಲ್ಲ. ಡ್ರಾಫ್ಟ್ ಮಾಡಿದ್ದು ನಾನೇ. ಬ್ರಸೆಲ್ಸ್ ವಿವರಣೆಯ ಆ ಸಾಲು ಹುಡುಕಿ ಹಳದಿ ಹೈಲೈಟರಲ್ಲಿ ಗೆರೆ ಹಾಕಿದ್ದೂ ನಾನೇ, ಸಿಕ್ಕಿದ ದಿನ ಖುಷಿಯಾಗಿ ಸೀನಿಯರ್ ರೂಮಿಗೆ ಓಡಿದ್ದೆ. ಆ ಸಂತೋಷ ಸುಳ್ಳಲ್ಲ, ಇವತ್ತಿಗೂ ಅದು ಒಳ್ಳೇ ವಾದ ಅಂತಾನೇ ಅನ್ಸತ್ತೆ, ಕಾನೂನು ಬರೆದವ್ರು ಹಂಗೆ ಬರೆದಿದ್ರೆ ಓದೋದು ನನ್ನ ತಪ್ಪಾ. ಆದ್ರೆ ಆ ಮೂರು ತಿಂಗಳಲ್ಲಿ ಒಂದ್ಸಲಾನೂ ದೊಡ್ಡಪ್ಪನ ಹಂಡೆ ನೆನಪಾಗಿರ್ಲಿಲ್ಲ. ಫೈಲಲ್ಲಿದ್ದದ್ದು "ಸರಕು". ನಮ್ಮೂರಲ್ಲಿ ಸರಕು ಅಂದ್ರೆ ಅತೀ ದುಬಾರಿ ರೇಟಿನ ಅಡಿಕೆ, ನಮ್ಮ ಆಫೀಸಲ್ಲಿ ಸರಕು ಅಂದ್ರೆ ಕಂಟೇನರಲ್ಲಿ ಬಂದದ್ದೆಲ್ಲ.

"ಕೆಲಸದಲ್ಲಿ ಬಂದಿತ್ತು" ಅಂದೆ.

"ಯಾವ ಕಡೆ ಇದ್ದೆ?"

"ಹುರಿದವ್ರ ಕಡೆ."

ಬೈತಾರೆ ಅನ್ಕೊಂಡೆ, ಬೈಲಿಲ್ಲ. ವಿಷಯ ಬದಲಾಯಿಸಿ, ಟೀವೀಲಿ ಇದ್ದ ಆ ವ್ಯಾಪಾರಿ ಬಗ್ಗೆ ಕೇಳಿದ್ರು. ನಮ್ಮ ಕಡೆ ಮಂಡಿಯವ್ರೆಲ್ಲ ಒಂದೇ ದಿನ ರೇಟ್ ಇಳಿಸ್ತಾರಲ್ಲ, ಅದಕ್ಕೆ ನಿನ್ನ ಕಾನೂನಲ್ಲಿ ಏನೂ ಇಲ್ವಾ ಅಂತ. ಇದೆ, ಕಾಂಪಿಟಿಷನ್ ಆಕ್ಟ್ 2002, ಮೂರನೇ ಸೆಕ್ಷನ್, ಸೇರ್ಕೊಂಡು ಬೆಲೆ ಕಟ್ಟಿದ್ರೆ ಕಾರ್ಟೆಲ್. ಸಿಮೆಂಟ್ ಕಂಪನಿಗಳಿಗೆ 2012ರಲ್ಲಿ 6,000 ಕೋಟಿಗೂ ಹೆಚ್ಚು ದಂಡ ಹಾಕಿದ್ರು, ಅಪೀಲಲ್ಲಿ ವರ್ಷಗಟ್ಟಲೆ ಎಳೀತು. ಆದ್ರೆ ರೇಟ್ ಒಟ್ಟಿಗೆ ಇಳಿದ ಮಾತ್ರಕ್ಕೆ ಸಾಲದು, ಮಾತಾಡ್ಕೊಂಡೇ ಇಳಿಸಿದ್ರು ಅನ್ನಕ್ಕೆ ಸಾಕ್ಷಿ ಬೇಕು, ಸಾಕ್ಷಿ ಸಿಗಲ್ಲ ಅಂತಾನೇ ಕಾನೂನಲ್ಲಿ ಇನ್ನೊಂದು ದಾರಿ, ಅವ್ರಲ್ಲೇ ಯಾರು ಮೊದಲು ಬಂದು ಒಪ್ಕೊಂಡು ದಾಖಲೆ ಕೊಡ್ತಾರೋ ಅವ್ರಿಗೆ ದಂಡದಲ್ಲಿ 100 ಪರ್ಸೆಂಟ್‌ವರೆಗೂ ಮಾಫಿ. ದೊಡ್ಡಪ್ಪ ಇದಕ್ಕೆ ಮಾತ್ರ ನಕ್ಕರು. "ಕದ್ದವ್ನೇ ಮೊದ್ಲು ಓಡಿ ಬಂದ್ರೆ ಮಾಫಿ. ನೀನು ಅವತ್ತೇ ಬಂದು ಹೇಳಿದ್ರೆ ನಿಂಗೂ ಆಗ್ತಿತ್ತು ನೋಡು."

ಚಾನೆಲ್‌ನವರು ಹಾಕಿರೋ ಕ್ಲಿಪ್ಪಲ್ಲಿ ನಾನು ನಗ್ತಿರೋ ಭಾಗ ಮಾತ್ರ ಇದೆ, ಹದಿನೆಂಟು ಸೆಕೆಂಡು. ಕೆಳಗೆ ಒಬ್ರು "ಈಯಮ್ಮನಿಗೆ ರೈತರ ಕಷ್ಟ ಏನು ಗೊತ್ತು" ಅಂತ ಹಾಕಿದಾರೆ. ನಾನು ಸುಲಿದಿದೀನಿ ಕಣ್ರೀ, ಎಸ್ಸೆಲ್ಸಿವರೆಗೂ ಸುಲಿದಿದೀನಿ, ಎಡಗೈ ಹೆಬ್ಬೆರಳಲ್ಲಿ ಮೆಟ್ಟುಕತ್ತಿ ಗಾಯದ ಗುರುತು ಇದೆ, ಅಂತ ಟೈಪ್ ಮಾಡಿ ಡಿಲೀಟ್ ಮಾಡಿದೆ. ಆ ಮನುಷ್ಯ ತಪ್ಪು ಹೇಳಿದ್ರೂ ಪೂರ್ತಿ ತಪ್ಪು ಅಂತ ಹೇಳಕ್ಕೆ ನಂಗೆ ಈ ವಾರ ಬಾಯಿಲ್ಲ. ಚಾನೆಲ್ ಹುಡುಗ ನಿನ್ನೆ ಮತ್ತೆ ಮೆಸೇಜ್ ಮಾಡಿದಾನೆ, ಮುಂದಿನ ವಾರ ಅಮೆರಿಕ ಟ್ಯಾರಿಫ್ ಬಗ್ಗೆ ಅಂತೆ. ಇನ್ನೂ ಉತ್ತರ ಕೊಟ್ಟಿಲ್ಲ.

ಇವತ್ತು ಬೆಳಿಗ್ಗೆ ದೊಡ್ಡಪ್ಪ ಒಂದು ವಿಡಿಯೋ ಕಳ್ಸಿದಾರೆ, ಮೊಮ್ಮಗನ ಕೈಲಿ ತೆಗೆಸಿದ್ದು, ಅಲ್ಲಾಡತ್ತೆ. ಅಡಿಗೆಮನೆ ಗ್ಯಾಸ್ ಮೇಲೆ ದೊಡ್ಡಮ್ಮನ ಕಬ್ಬಿಣದ ಬಾಣಲೆ, ಅದ್ರಲ್ಲಿ ಒಂದು ಹಿಡಿ ಚಾಲಿ ಅಡಿಕೆ, ದೊಡ್ಡಪ್ಪ ಸೌಟಲ್ಲಿ ತಿರುವ್ತಾ ಇದಾರೆ. ಹೊಗೆ. ಹಿಂದೆ ದೊಡ್ಡಮ್ಮ "ನಾಳೆ ಇದ್ರಲ್ಲೇ ದೋಸೆ ಒಗ್ಗರಣೆ ಎಲ್ಲಾ ನೀವೇ ಮಾಡ್ಕೊಳ್ಳಿ" ಅಂತ ಕೂಗ್ತಿರೋದು ಕೇಳತ್ತೆ. ದೊಡ್ಡಪ್ಪ ಒಂದು ಎತ್ತಿ, ಊದಿ, ಅಡಕತ್ತರಿಯಲ್ಲಿ ಹೋಳು ಮಾಡಿ ಬಾಯಿಗೆ ಹಾಕ್ಕೊಂಡು ಒಂದೆರಡು ಸಲ ಅಗಿದು, ಮುಖ ಸಿಂಡರಿಸಿ ಕಿಟಕಿಯಿಂದ ಆಚೆ ಉಗಿದ್ರು. ಆಮೇಲೆ ಕ್ಯಾಮೆರಾ ಕಡೆ ತಿರುಗಿ, ಬಾಣಲೆ ತೋರಿಸಿ, "ಈಗ ಇದು ಎಷ್ಟನೇ ನಂಬರ್ ಆಯ್ತೇ?" ಅಂದ್ರು.

2008 ದೊಡ್ಡಪ್ಪ, ಅಂತ ಕಳ್ಸಿದೆ. ಬ್ಲೂ ಟಿಕ್ ಬಂದಿದೆ.