ಹೊಗೆ ಬಾಳೆಯ ತನಕ ಬರಲಿಲ್ಲ

ಅತ್ತಿಗೆ ಹೇಳಿದ ಒಂದು ಮಾತು ಸೋಮವಾರದಿಂದ ಕಿವಿಯಲ್ಲೇ ಕೂತಿದೆ.

ಬೇಸಿಗೆ ರಜೆ ಮುಗಿದು ಶಾಲೆ ತೆರೆಯಲು ಇನ್ನು ನಾಲ್ಕೇ ದಿನವೆನ್ನುವಾಗ ಸಾಗರದ ಕಡೆಯ ನಮ್ಮೂರಿಗೆ ಹೋಗಿದ್ದೆ. ಬೆಳಿಗ್ಗೆ ನೀರು ಕುಡಿಯಲು ಅಡುಗೆಮನೆಗೆ ಕಾಲಿಟ್ಟರೆ ಎದುರಿನ ನಾಗಂದಿಗೆಯೇ ಕಾಣಿಸಲಿಲ್ಲ. ಎದೆಮಟ್ಟದಿಂದ ಮೇಲೆ ಹೊಗೆ ಕವಿದು ನಿಂತಿತ್ತು. ಅದರ ಕೆಳಗೆ, ಹೊಗೆಕೊಳವೆಯಿರುವ ಅಸ್ತ್ರ ಒಲೆಯ ಬಾಯಿಯ ಮುಂದೆ ಅತ್ತಿಗೆ ಕುಕ್ಕರಗಾಲಿನಲ್ಲಿ ಕೂತು ಊದುಗೊಳವೆಯಿಂದ ಊದುತ್ತಿದ್ದರು.

“ಎಷ್ಟು ದಿನದಿಂದ ಹೀಗೆ?”

“ದೀಪಾವಳಿಯಿಂದ.”

“ಏಳು ತಿಂಗಳು! ಯಾಕೆ ಹೇಳಲಿಲ್ಲ ಅತ್ತಿಗೆ?”

ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. ದನಿಯಲ್ಲಿ ಸಿಟ್ಟಿರಲಿಲ್ಲ. “ನಿಮ್ಮ ಬಾಳೆಯ ತನಕ ಹೊಗೆ ಬರಲಿಲ್ಲವಲ್ಲ” ಎಂದರು.

ನನಗೆ ಅತ್ತಿಗೆ ಯಾವಾಗಲೂ ‘ನೀನು’ ಎನ್ನುತ್ತಾರೆ. ಆ ‘ನಿಮ್ಮ’ ನನಗೊಬ್ಬನಿಗೆ ಹೇಳಿದ್ದಲ್ಲ. ಅಣ್ಣ, ನಾನು, ಹಬ್ಬಕ್ಕೆ ಬಂದುಹೋಗುವ ನೆಂಟರು, ಊಟದಮನೆಯಲ್ಲಿ ಬಾಳೆಯೆಲೆಯ ಮುಂದೆ ಕೂತು ಎರಡನೆಯ ಸಲ ಸಾರು ಹಾಕಿಸಿಕೊಳ್ಳುವ ಎಲ್ಲರೂ ಅದರಲ್ಲಿ ಸೇರಿದ್ದೆವು. ಸಂಕ್ರಾಂತಿಗೆ ಬಂದಿದ್ದೆ, ಯುಗಾದಿಗೂ ಬಂದಿದ್ದೆ. ಅಡುಗೆಮನೆಗೂ ಊಟದಮನೆಗೂ ನಡುವೆ ಇರುವುದು ಒಂದು ಹೊಸಿಲು.

ಅಸ್ತ್ರ ಒಲೆ ನಮ್ಮ ಮನೆಗೆ ಬಂದಾಗ ನಾನು ನಾಲ್ಕನೆಯ ತರಗತಿಯಲ್ಲಿದ್ದೆ. ಹೆಸರು ಕೇಳಿ ಬಿಲ್ಲುಬಾಣದ ಅಸ್ತ್ರವೆಂದೇ ತಿಳಿದಿದ್ದೆ. ವಿಜ್ಞಾನ ತಂತ್ರಜ್ಞಾನವನ್ನು ಹಳ್ಳಿಗಳಿಗೆ ಮುಟ್ಟಿಸಬೇಕೆಂದು ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೊಳಗೆ ಹುಟ್ಟಿದ ವಿಭಾಗದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಅವು ಎಂದು ಗೊತ್ತಾದದ್ದು ಬಹಳ ತಡವಾಗಿ. ಮೂರು ಪಾತ್ರೆಗಳು ಒಲೆಯ ಗುಂಡಿಗಳಲ್ಲಿ ಬಿಗಿಯಾಗಿ ಕೂರುತ್ತವೆ. ಕಟ್ಟಿಗೆ ಕಬ್ಬಿಣದ ಜಾಲರಿಯ ಮೇಲೆ ಉರಿಯುತ್ತದೆ, ಗಾಳಿ ಅದರ ಕೆಳಗಿನಿಂದ ಬರುತ್ತದೆ. ಬಿಸಿ ಹೊಗೆ ಮೂರೂ ಪಾತ್ರೆಗಳ ತಳ ಸವರಿಕೊಂಡು ಕೊಳವೆ ಸೇರುತ್ತದೆ. ಪ್ರಯೋಗಾಲಯದ ಪರೀಕ್ಷೆಗಳಲ್ಲಿ ಕಟ್ಟಿಗೆಯ ಶಾಖದಲ್ಲಿ ಶೇಕಡಾ 40ಕ್ಕಿಂತ ಹೆಚ್ಚು ಪಾತ್ರೆಗೇ ಸೇರುತ್ತಿತ್ತು. ಅಮ್ಮನಿಗೆ ಈ ಲೆಕ್ಕ ಬೇಕಿರಲಿಲ್ಲ. ಒಲೆ ಹಚ್ಚಿದ ಮೊದಲ ವಾರವೇ ಅಡುಗೆಮನೆಯ ಗೋಡೆಗೆ ಸುಣ್ಣ ಬಳಿದಳು. ಅಲ್ಲಿಯವರೆಗೆ ಆ ಗೋಡೆಗೆ ಬಿಳಿಯೆಂಬ ಬಣ್ಣವಿದೆಯೆಂದು ನಾವು ಮಕ್ಕಳಿಗೆ ಗೊತ್ತೇ ಇರಲಿಲ್ಲ.

ಕೊಳವೆ ಗುಡಿಸುವುದು ಅಪ್ಪನ ಕೆಲಸವಾಗಿತ್ತು. ಮಳೆಗಾಲಕ್ಕೆ ಮೊದಲೊಮ್ಮೆ, ದೀಪಾವಳಿಗೆ ಮೊದಲೊಮ್ಮೆ ತಪ್ಪದೆ ಮಾಡುತ್ತಿದ್ದರು. ಅವರು ಹೋಗಿ ನಾಲ್ಕು ವರ್ಷವಾಯಿತು. ಅವರ ತೋಟ ಅಣ್ಣನಿಗೆ ಬಂತು, ಪೂಜೆ ಅಣ್ಣನಿಗೆ ಬಂತು, ಸೊಸೈಟಿಯ ಖಾತೆ ಬಂತು. ಈ ಕೆಲಸವೊಂದು ಯಾರ ಪಾಲಿಗೂ ಬರಲಿಲ್ಲ. ಅಣ್ಣ ಸೋಮಾರಿಯಲ್ಲ, ಅವನಷ್ಟು ದುಡಿಯುವವರನ್ನು ನಾನು ಕಂಡಿಲ್ಲ. ಮಳೆ ಹಿಡಿಯುವ ಮುನ್ನ ಅಡಿಕೆಯ ಗೊನೆಗೊನೆಗೂ ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಬೀಳಬೇಕು ಅವನಿಗೆ. ಒಂದು ಗೊನೆಗೆ ಕೊಳೆ ತಾಗಿದರೆ ರಾತ್ರಿ ನಿದ್ದೆ ಬರುವುದಿಲ್ಲ. ಅಷ್ಟು ಎತ್ತರದ ಮರದ ತುದಿಯ ಕಪ್ಪು ಚುಕ್ಕೆ ಕಾಣುವ ಕಣ್ಣಿಗೆ ತನ್ನ ಹೆಂಡತಿಯ ಕೆಂಪು ಕಣ್ಣು ಏಳು ತಿಂಗಳು ಕಾಣಲಿಲ್ಲ. ಅವನ ಮೇಲೆ ನನಗೆ ಸಿಟ್ಟಿದೆ. ಆದರೆ ಆ ಸಿಟ್ಟು ಅವನ ಹತ್ತಿರ ಹೋಗುವಷ್ಟರಲ್ಲಿ ನನ್ನ ಕಡೆಗೇ ತಿರುಗುತ್ತದೆ. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವನು ನಾನು. ಬಿಸಿಗಾಳಿ ಹಗುರವಾಗಿ ಮೇಲೇಳುತ್ತದೆ ಎಂದು ಪ್ರತಿವರ್ಷ ಹಲಗೆಯ ಮೇಲೆ ಬಾಣದ ಗುರುತು ಹಾಕಿ ತೋರಿಸುತ್ತೇನೆ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂಬ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜನ್ನು ಮಕ್ಕಳಿಂದ ಬರೆಯಿಸಿಯೂ ಇದ್ದೇನೆ.

ಮಧ್ಯಾಹ್ನ ಒಲೆ ಆರಿದ ಮೇಲೆ ಮನೆಯ ಮಾಡು ಹತ್ತಿದೆ. ಕೊಳವೆಯ ಟೊಪ್ಪಿ ತೆಗೆದು ಬಗ್ಗಿದರೆ ನಾಲ್ಕು ಇಂಚಿನ ಕೊಳವೆಯಲ್ಲಿ ಉಳಿದಿದ್ದ ದಾರಿ ಎರಡೇ ಇಂಚು. ಅರ್ಧ ಮುಚ್ಚಿದೆ ಎಂದುಕೊಳ್ಳಬಾರದು. ವ್ಯಾಸ ಅರ್ಧವಾದರೆ ಹೊಗೆಯ ದಾರಿ ಕಾಲು ಭಾಗಕ್ಕಿಳಿಯುತ್ತದೆ. ಕಳೆದ ವರ್ಷ ಮಳೆ ಬಿಡದೆ ಸುರಿದು ಕಟ್ಟಿಗೆ ಒಣಗಿರಲಿಲ್ಲ. ಹಸಿ ಕಟ್ಟಿಗೆ ಉರಿಯುವುದಕ್ಕಿಂತ ಹೊಗೆಯಾಡುವುದೇ ಹೆಚ್ಚು. ಆ ಹೊಗೆಯಲ್ಲಿರುವ ನೀರಾವಿ, ಟಾರು ಎರಡೂ ಮಾಡಿನಿಂದಾಚೆ ಕೊಳವೆ ತಣ್ಣಗಿರುವ ಜಾಗದಲ್ಲಿ ಗೋಡೆಗಂಟಿ ಗಟ್ಟಿಯಾಗುತ್ತವೆ. ಕೆಳಗಿನ ಮಸಿ ಮುಟ್ಟಿದರೆ ಉದುರುವ ಪುಡಿ. ಮೇಲಿನದು ಮಾತ್ರ ಕರಿ ಗಾಜಿನ ಹಾಗೆ ಹೊಳೆಯುತ್ತಿತ್ತು. ಅದಕ್ಕೆ ಕಿಡಿ ತಾಗಿದರೆ ಕೊಳವೆಯೇ ಹೊತ್ತಿಕೊಳ್ಳುತ್ತದೆ, ಒತ್ತಿನಲ್ಲೇ ಮಾಡು ಹೊತ್ತ ಮರದ ಪಕಾಸಿಗಳಿವೆ. ನನಗೆ ಕೈ ನಡುಗಿದ್ದು ಎತ್ತರಕ್ಕಲ್ಲ.

ಗೊನೆ ಕೊಯ್ಯುವ ಹಳೆಯ ಗಿಡ್ಡ ದೋಟಿಯ ತುದಿಗೆ ತೆಂಗಿನ ನಾರು ಬಿಗಿದು ಕಟ್ಟಿ ಮೇಲಿಂದ ತಳ್ಳಿದೆ. ಗಟ್ಟಿ ಪದರ ನಾರಿಗೆ ಬಗ್ಗಲಿಲ್ಲ. ಕಬ್ಬಿಣ ಹಾಕಿ ಕೆರೆಯುವ ಹಾಗಿಲ್ಲ, ಏಕೆಂದರೆ ಅದು ಕಲ್ನಾರಿನ ಸಿಮೆಂಟ್ ಕೊಳವೆ. ಕೆರೆದರೆ ಏಳುವ ಎಳೆಗಳು ಶ್ವಾಸಕೋಶಕ್ಕೆ ಮಸಿಗಿಂತ ಕೆಟ್ಟವು. ಮೂಗಿಗೆ ಒದ್ದೆ ಬಟ್ಟೆ ಕಟ್ಟಿ, ಕೊಳವೆಗೆ ನೀರು ಚಿಮುಕಿಸಿ, ಬಿದಿರಿನ ಸೀಳಿನಿಂದ ಮೆಲ್ಲಗೆ ಎಬ್ಬಿಸಬೇಕಾಯಿತು. ಎರಡೂವರೆ ಗಂಟೆ ಹಿಡಿಯಿತು. ಕೆಳಗೆ ಅತ್ತಿಗೆ ಕೊಳವೆಯ ಬುಡದಲ್ಲಿ ಅಪ್ಪ ಮಣ್ಣು ಮೆತ್ತಿ ಕೂರಿಸಿದ್ದ ಸಡಿಲ ಇಟ್ಟಿಗೆ ತೆಗೆದು ಮಸಿ ಬಾಚಿದರು. ಒಂದೂವರೆ ಬಕೆಟ್ ಬಂತು. ಆ ಇಟ್ಟಿಗೆ ಅಲ್ಲಿದೆಯೆಂದು ನನಗೆ ಗೊತ್ತಿರಲಿಲ್ಲ, ಅವರಿಗೆ ಗೊತ್ತಿತ್ತು. ನಾಲ್ಕು ವರ್ಷ ಬುಡದ ಮಸಿ ತೆಗೆಯುತ್ತ ಬಂದವರು ಅವರೇ. ಮಾಡು ಹತ್ತುವುದಷ್ಟೇ ಅವರಿಂದ ಆಗದ್ದು.

ಸುಧಾರಿತ ಒಲೆಗಳಿಗೆಂದು 1983ರಲ್ಲಿ ಶುರುವಾದ ಕೇಂದ್ರದ ಯೋಜನೆ 2002ರಲ್ಲಿ ನಿಂತಿತು. ಈಗ ನಮ್ಮ ಅಡುಗೆಮನೆಯಲ್ಲೂ ಗ್ಯಾಸ್ ಇದೆ, ಬೆಳಗಿನ ಚಹಾ ಅದರಲ್ಲೇ. ಅನ್ನ, ಸಾರು, ದನಗಳ ಬೇಯಿಸಿದ ಮಡ್ಡಿ ಎಲ್ಲವೂ ಈ ಒಲೆಯ ಮೇಲೆ. ತೋಟದ ತುಂಬ ಕಟ್ಟಿಗೆಯಿರುವಾಗ ಸಿಲಿಂಡರಿಗೆ ಯಾರು ಹಣ ಸುರಿಯುತ್ತಾರೆ? ಒಲೆ ಕಟ್ಟಿದವರು ಗಾಳಿಯ ದಾರಿ, ಪಾತ್ರೆಯ ತಳದ ಸಂದು, ಕೊಳವೆಯ ಅಗಲ ಎಲ್ಲವನ್ನೂ ಅಳೆದು ಕೊಟ್ಟರು. ಹೊಗೆಯನ್ನು ಮನೆಯಿಂದ ಹೊರಹಾಕುವ ಹೊಣೆಯನ್ನು ಒಂದು ಕೊಳವೆಗೆ ಒಪ್ಪಿಸಿದ್ದೇ ತಡ, ನಾವು ಅಡುಗೆಮನೆಯ ಕಡೆ ನೋಡುವುದನ್ನೇ ಬಿಟ್ಟೆವು. ಮೂರು ಕಲ್ಲಿನ ಒಲೆಯ ಕಾಲದಲ್ಲಿ ಹೊಗೆ ಜಗಲಿಯ ತನಕ ಬರುತ್ತಿತ್ತು, ಅಪ್ಪನೂ ಕೆಮ್ಮುತ್ತಿದ್ದರು. ಹಾಗೆ ಕೆಮ್ಮಿದ್ದರಿಂದಲೇ ಇರಬೇಕು, ವರ್ಷಕ್ಕೆರಡು ಸಲ ಮರೆಯದೆ ಮಾಡು ಹತ್ತಿದ್ದು.

ಸಂಜೆ ಒಲೆ ಹಚ್ಚಿದಾಗ ಉರಿ ಗೊರ್ರೆಂದು ಒಳಕ್ಕೆ ಎಳೆದುಕೊಂಡಿತು. ಅತ್ತಿಗೆ ಅಭ್ಯಾಸಬಲದಿಂದ ಊದುಗೊಳವೆ ಕೈಗೆತ್ತಿಕೊಂಡವರು ಸ್ವಲ್ಪ ಹೊತ್ತು ಹಾಗೇ ಹಿಡಿದು ಕೂತಿದ್ದರು. ಅಣ್ಣ ತೋಟದಿಂದ ಬಂದು ಹೊಸಿಲಿನಾಚೆ ನಿಂತು ನೋಡಿದ, ಏನೂ ಮಾತನಾಡಲಿಲ್ಲ.

ನಿನ್ನೆ ಶಿವಮೊಗ್ಗದಿಂದ ಫೋನ್ ಮಾಡಿದ್ದೆ. ಮಸಿ ಹಿಡಿದ ಆ ದೋಟಿಯನ್ನು ಅಣ್ಣ ತೋಟಕ್ಕೆ ಒಯ್ಯದೆ ಅಡುಗೆಮನೆಯ ಹಿಂದಿನ ಮಾಡಿನಡಿ ಕಟ್ಟಿಟ್ಟಿದ್ದಾನಂತೆ. ತುದಿಗೆ ಹೊಸ ನಾರನ್ನೂ ಸುತ್ತಿದ್ದಾನೆ ಎಂದರು ಅತ್ತಿಗೆ.