ಗಾಡಿಯ ಹಿಂದೆ ನಿಂತು ಆರಿಸಿದ ಸೈಲೆನ್ಸರ್

"ಸದ್ದು ತುಂಬಾ ಚೆನ್ನಾಗಿದೆ. ಆದರೆ ನನ್ನ ಹೆಂಡತಿ ಇನ್ನು ಈ ಗಾಡಿಯಲ್ಲಿ ಕೂರುವುದಿಲ್ಲ ಅಂದಿದ್ದಾಳೆ."

ಹೀಗೆ ಹೇಳಿ ಆ ಹಿರಿಯರು ಕೀಲಿಯನ್ನು ನನ್ನ ಬೆಂಚಿನ ಮೇಲೆ ಇಟ್ಟರು. ದನಿಯಲ್ಲಿ ಸಿಟ್ಟು ಇರಲಿಲ್ಲ. ಅದೇ ನನಗೆ ಜಾಸ್ತಿ ನೋವಾಯಿತು. ಹತ್ತು ದಿನದ ಹಿಂದೆ ಅದೇ ಗಾಡಿಗೆ ಎರಡು ಹೊಸ ಮಫ್ಲರ್ ಹಾಕಿ, ಅವರ ಕೈ ಕುಲುಕಿ ಕಳಿಸಿದವನು ನಾನೇ.

ನಾನಿರುವುದು ಅಮೆರಿಕದ ಮಿಶಿಗನ್‌ನಲ್ಲಿ, ಡೆಟ್ರಾಯಿಟ್ ಪಕ್ಕ. ವುಡ್‌ವರ್ಡ್ ಅವೆನ್ಯೂಗೆ ಹತ್ತಿರದ ಒಂದು ಎಕ್ಸಾಸ್ಟ್ ಶಾಪ್‌ನಲ್ಲಿ ಕೆಲಸ. ಪೈಪ್ ಬಗ್ಗಿಸುತ್ತೇವೆ, ವೆಲ್ಡ್ ಮಾಡುತ್ತೇವೆ, ಮಫ್ಲರ್ ಕೂರಿಸುತ್ತೇವೆ. ನಮ್ಮೂರಲ್ಲಿ ಇದಕ್ಕೆ ಸೈಲೆನ್ಸರ್ ಅಂತೀವಿ, ಮಫ್ಲರ್ ಅಂದರೆ ಚಳಿಗೆ ಕತ್ತಿಗೆ ಸುತ್ತಿಕೊಳ್ಳುವುದು. ಈ ಶಾಪ್‌ಗೆ ಬರುವ ಮುಂಚೆ ಆರು ವರ್ಷ ಒಂದು ಲ್ಯಾಬ್‌ನಲ್ಲಿ ಕಾರುಗಳ ಸದ್ದು ಮತ್ತು ನಡುಕ ಅಳೆಯುವ ಕೆಲಸ ಮಾಡಿದ್ದೆ. ಹಾಗಾಗಿ ಸದ್ದಿನ ವಿಷಯದಲ್ಲಿ ತಪ್ಪಾದರೆ ಗೊತ್ತಿರಲಿಲ್ಲ ಅಂತ ಹೇಳುವ ಹಾಗಿಲ್ಲ.

ಗಾಡಿ 1966ರ ಪಾಂಟಿಯಾಕ್ ಜಿಟಿಒ. 389 ಘನ ಇಂಚಿನ ವಿ8, ಅಂದರೆ ಎರಡು ಸಾಲಲ್ಲಿ ಎಂಟು ಸಿಲಿಂಡರ್ ಇರುವ ಎಂಜಿನ್, ನಮ್ಮ ಲೆಕ್ಕದಲ್ಲಿ 6.4 ಲೀಟರ್. ವುಡ್‌ವರ್ಡ್ ರಸ್ತೆಯಲ್ಲೇ ಉತ್ತರಕ್ಕೆ ಹೋದರೆ ಪಾಂಟಿಯಾಕ್ ಅನ್ನುವ ಊರೇ ಸಿಗುತ್ತದೆ. ಪ್ರತಿ ವರ್ಷ ಆಗಸ್ಟ್ ತಿಂಗಳ ಮೂರನೇ ಶನಿವಾರ ಫರ್ನ್‌ಡೇಲ್‌ನಿಂದ ಅಲ್ಲಿವರೆಗೆ ಹಳೆ ಗಾಡಿಗಳ ಜಾತ್ರೆ ನಡೆಯುತ್ತದೆ, ವುಡ್‌ವರ್ಡ್ ಡ್ರೀಮ್ ಕ್ರೂಸ್ ಅಂತ. 1995ರಲ್ಲಿ ಶುರುವಾದದ್ದು. ಜುಲೈ ಬಂತು ಅಂದರೆ ನಮ್ಮ ಶಾಪ್‌ನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಈ ಜಿಟಿಒ ಬಂದದ್ದೂ ಜುಲೈನಲ್ಲೇ.

"ಇದನ್ನು ಮೊದಲ ಸಲ ಕೇಳಿದ ದಿನ ಹೇಗಿತ್ತೋ ಹಾಗೆ ಕೇಳಿಸಬೇಕು" ಅಂದರು ಅವರು. ನಾನು ಚೇಂಬರ್ ಇರುವ ಒಂದು ಚಿಕ್ಕ ಮಫ್ಲರ್ ಆರಿಸಿದೆ. ಎಡಕ್ಕೊಂದು, ಬಲಕ್ಕೊಂದು. ಕೆಲಸ ಮುಗಿದ ಮೇಲೆ ನಾವು ನಾಲ್ಕು ಜನ ಗಾಡಿಯ ಹಿಂದೆ ನಿಂತೆವು. ಅವರು ಒಳಗೆ ಕೂತು ಆಕ್ಸಿಲರೇಟರ್ ರೇಸ್ ಮಾಡಿದರು. ಗೂಳಿ ಗುಟುರು ಹಾಕಿದ ಹಾಗೆ ಸದ್ದು ಬಂತು. ಕೆಳಗಿಳಿದು ಬಂದಾಗ ಅವರ ಕಣ್ಣಲ್ಲಿ ನೀರಿತ್ತು. ನಾನು ಶಾಪ್‌ನ ಸುತ್ತ ಎರಡು ಬೀದಿ ಓಡಿಸಿ ನೋಡಿದೆ, ಗಂಟೆಗೆ 35-40 ಮೈಲಿಯಲ್ಲಿ. ಎಲ್ಲ ಸರಿಯಾಗಿದೆ ಅನ್ನಿಸಿತು.

ಅವರನ್ನು ನಾನು ಕೇಳದೇ ಬಿಟ್ಟ ಪ್ರಶ್ನೆ ಒಂದೇ: ಈ ಗಾಡಿಯಲ್ಲಿ ನೀವು ಎಲ್ಲಿಗೆ ಹೋಗುತ್ತೀರಿ?

ಅವರು ಮತ್ತು ಅವರ ಹೆಂಡತಿ ಪ್ರತಿ ವರ್ಷ ಎಲೆ ಕೆಂಪಾಗುವ ಕಾಲಕ್ಕೆ ಐ-75 ಹೆದ್ದಾರಿ ಹಿಡಿದು ಮ್ಯಾಕಿನಾ ಸೇತುವೆವರೆಗೆ ಹೋಗುತ್ತಾರೆ. ನಾಲ್ಕು ಗಂಟೆಗೂ ಜಾಸ್ತಿ ದಾರಿ. ಅದಕ್ಕಾಗಿಯೇ ಹಳೆಯ ನಾಲ್ಕು ಗೇರ್ ತೆಗೆಸಿ, ಹೆದ್ದಾರಿಯಲ್ಲಿ ಎಂಜಿನ್ ನಿಧಾನವಾಗಿ ತಿರುಗಲೆಂದು ಓವರ್‌ಡ್ರೈವ್ ಇರುವ ಐದು ಗೇರಿನ ಬಾಕ್ಸ್ ಹಾಕಿಸಿದ್ದರು. ಗಾಡಿ ಲಿಫ್ಟ್ ಮೇಲಿದ್ದಾಗ ಆ ಹೊಸ ಗೇರ್‌ಬಾಕ್ಸ್ ನನ್ನ ಕಣ್ಣಿಗೆ ಬಿದ್ದಿತ್ತು. ಅದರ ಅರ್ಥ ಏನು ಅಂತ ನಾನು ಯೋಚಿಸಲಿಲ್ಲ. ಹಿಂದಿನ ಆಕ್ಸಲ್ ಅನುಪಾತ 3.55, ಅಂದರೆ ಚಕ್ರದ ಒಂದು ಸುತ್ತಿಗೆ ಗೇರ್‌ಬಾಕ್ಸ್‌ನಿಂದ ಬರುವ ದಂಡ 3.55 ಸುತ್ತು. ಹಳೇ ಗೇರ್‌ಬಾಕ್ಸ್ ಇದ್ದಿದ್ದರೆ 65 ಮೈಲಿ ವೇಗದಲ್ಲಿ ಎಂಜಿನ್ ನಿಮಿಷಕ್ಕೆ 2900 ಸುತ್ತು ತಿರುಗುತ್ತಿತ್ತು. ಹೊಸದರಲ್ಲಿ ಸುಮಾರು 2000. ನಾನು ಹಾಕಿದ ಮಫ್ಲರ್ ಅತಿ ಹೆಚ್ಚು ಗುಂಯ್‌ಗುಡುವುದು ಸರಿಯಾಗಿ ಅಲ್ಲೇ.

ಮರುದಿನ ಬೆಳಿಗ್ಗೆ ಅವರನ್ನೇ ಚಾಲಕನ ಸೀಟಲ್ಲಿ ಕೂರಿಸಿ ಹೆದ್ದಾರಿಗೆ ಹೋದೆವು. ನಾನು ಅವರ ಹೆಂಡತಿ ಕೂರುವ ಜಾಗದಲ್ಲಿ, ಲ್ಯಾಬ್ ಕಾಲದ ಮೈಕ್ ಹಿಡಿದು ಕೂತಿದ್ದೆ. 65 ಮುಟ್ಟಿದ ಕೂಡಲೇ ಆ ಸದ್ದು ಶುರುವಾಯಿತು. ಕಿವಿಗಿಂತ ಎದೆಗೆ ಮೊದಲು ಗೊತ್ತಾಗುವಂಥದ್ದು. ಖಾಲಿ ಡ್ರಮ್ ಒಳಗೆ ತಲೆ ಇಟ್ಟ ಹಾಗೆ. ಇಪ್ಪತ್ತು ನಿಮಿಷಕ್ಕೆ ನನಗೇ ತಲೆ ಹಿಡಿಯಿತು. ನಾಲ್ಕು ಗಂಟೆ ಯಾರು ಕೂರುತ್ತಾರೆ?

ಮಾಮೂಲಿ ಡೆಸಿಬೆಲ್ ಮೀಟರ್ ನೋಡಿದರೆ ಅಂಥ ದೊಡ್ಡ ಸಂಖ್ಯೆಯೇನೂ ಇರಲಿಲ್ಲ. ಮೀಟರ್ ಸುಳ್ಳು ಹೇಳುತ್ತದೆ ಅಂತಲ್ಲ. ಡಿಬಿ-ಎ ಅನ್ನುವ ಅಳತೆ ಕೆಳದನಿಗಳನ್ನು ಕಡಿಮೆ ಮಾಡಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. 125 ಹರ್ಟ್ಜ್‌ನಲ್ಲಿ, ಅಂದರೆ ಸೆಕೆಂಡಿಗೆ 125 ಸಲ ಮಿಡಿಯುವ ದನಿಯಲ್ಲಿ, ಸುಮಾರು 16 ಡೆಸಿಬೆಲ್ ಕಳೆದು ತೋರಿಸುತ್ತದೆ. ಮಫ್ಲರ್ ಕೊಳ್ಳುವಾಗ ಬರೀ ಆ ಒಂದು ಸಂಖ್ಯೆ ನೋಡಬೇಡಿ. ಫೋನಿನ ವಿಡಿಯೊ ನೋಡಿ ಆರಿಸುವುದಂತೂ ಬೇಡವೇ ಬೇಡ. ಫೋನಿನ ಪುಟ್ಟ ಸ್ಪೀಕರ್‌ಗೆ ಈ ಕೆಳದನಿಯನ್ನು ನುಡಿಸುವ ಶಕ್ತಿಯೇ ಇಲ್ಲ.

ಮೈಕ್‌ನಲ್ಲಿ ಯಾವ ದನಿ ಎಷ್ಟು ಅಂತ ಬಿಡಿಸಿ ನೋಡಿದಾಗ ಗ್ರಾಫಿನಲ್ಲಿ ಎರಡು ಮೊನೆ ಕಂಡವು. ಒಂದು 83 ಹರ್ಟ್ಜ್, ಇನ್ನೊಂದು 133. ಇವು ಎಲ್ಲಿಂದ ಬಂದವು ಅಂತ ಹೇಳುವುದು ನನಗೆ ಬಹಳ ಇಷ್ಟದ ವಿಷಯ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಈ ವಿ8 ಎಂಜಿನ್‌ನಲ್ಲಿ ಸಿಲಿಂಡರ್‌ಗಳು ಉರಿಯುವ ಸರದಿ 1-8-4-3-6-5-7-2. ಬೆಸ ಸಂಖ್ಯೆಯವು ಎಡಗಡೆ, ಸಮ ಸಂಖ್ಯೆಯವು ಬಲಗಡೆ. ಕ್ರ್ಯಾಂಕ್, ಅಂದರೆ ಎಂಜಿನ್‌ನ ತಿರುಗುವ ದಂಡ, ಎರಡು ಸುತ್ತು ಬರುವಷ್ಟರಲ್ಲಿ ಎಂಟೂ ಒಂದೊಂದು ಸಲ ಉರಿಯುತ್ತವೆ. ಇದನ್ನು ಎಂಟು ಅಕ್ಷರದ ಒಂದು ಆವರ್ತನ ಅಂದುಕೊಳ್ಳಿ, ಆದಿತಾಳದ ಹಾಗೆ. ಈಗ ಎಡಗಡೆಯ ಪೈಪಿಗೆ ಮಾತ್ರ ಕಿವಿ ಕೊಡಿ. ಅಲ್ಲಿ ಪೆಟ್ಟು ಬೀಳುವುದು ಸಮವಾಗಿ ಅಲ್ಲ. ಮೂರು, ಎರಡು, ಒಂದು, ಎರಡು. ಬಾಯಲ್ಲಿ ಹೇಳಿ ನೋಡಿ: ತಕಿಟ, ತಕ, ತ, ತಕ. ಬಲಗಡೆಯ ಪೈಪೂ ಇದನ್ನೇ ಹೇಳುತ್ತದೆ, ನಾಲ್ಕು ಅಕ್ಷರ ತಡವಾಗಿ. ಎರಡೂ ಸೇರಿದರೆ ಎಂಟು ಅಕ್ಷರವೂ ಸಮವಾಗಿ ತುಂಬುತ್ತವೆ.

ಹಳೆಯ ಅಮೆರಿಕನ್ ವಿ8 ಸುಮ್ನೆ ನಿಂತಲ್ಲೇ ಗುಡು-ಗುಡು ಅಂತ ಕುಂಟುತ್ತಾ ಕುದಿಯುವ ಹಾಗೆ ಕೇಳಿಸುವುದು ಈ ಮೂರು-ಎರಡು-ಒಂದು-ಎರಡರಿಂದ. ಕ್ರ್ಯಾಂಕ್ ಒಂದು ಸುತ್ತಿಗೆ ಒಂದೂವರೆ ಸಲ ಮತ್ತು ಎರಡೂವರೆ ಸಲ ಮಿಡಿಯುವ ದನಿಗಳು ಇದರಲ್ಲಿ ಹುಟ್ಟುತ್ತವೆ. 2000 ಸುತ್ತಿನಲ್ಲಿ ಅವು 50 ಮತ್ತು 83 ಹರ್ಟ್ಜ್. ಸುತ್ತಿಗೆ ನಾಲ್ಕು ಸಲದ ಸಮ ದನಿ 133. ನನ್ನ ಮೈಕ್ ತೋರಿಸಿದ ಎರಡು ಮೊನೆ, 83 ಮತ್ತು 133, ಇವೇ.

ಇಲ್ಲೇ ಕಷ್ಟ ಇರುವುದು. ಎಡ-ಬಲ ಪೈಪುಗಳನ್ನು ನಡುವೆ ಪೂರ್ತಿ ಬೆರೆಸಿದರೆ ಒಂದೂವರೆ, ಎರಡೂವರೆಯ ದನಿಗಳು ಒಂದನ್ನೊಂದು ಅಳಿಸಿ ಹಾಕುತ್ತವೆ. ಕ್ಯಾಬಿನ್ ಹಗುರಾಗುತ್ತದೆ, ಆದರೆ ಆ ಕುಂಟುವ ಲಯವೂ ಹೋಗುತ್ತದೆ. ಎಕ್ಸ್ ಆಕಾರದ ಜೋಡಣೆ ಹಾಕಿದ ಗಾಡಿಗಳು ನುಣುಪಾಗಿ, ಸ್ವಲ್ಪ ಏರುದನಿಯಲ್ಲಿ, ರೇಸ್ ಗಾಡಿಯ ಹಾಗೆ ಕೇಳಿಸುವುದು ಇದರಿಂದ. ಬೆರೆಸದೇ ಬಿಟ್ಟರೆ ಲಯ ಪೂರ್ತಿ ಉಳಿಯುತ್ತದೆ, ಎದೆ ಬಡಿತವೂ ಉಳಿಯುತ್ತದೆ. ಈ ಜಿಟಿಒದಲ್ಲಿ ಎರಡು ಪೈಪ್ ಎಲ್ಲೂ ಸೇರುತ್ತಿರಲಿಲ್ಲ. ನಾನು ಮಫ್ಲರ್ ಒಂದನ್ನೇ ನೋಡಿದ್ದೆ, ಇದನ್ನು ನೋಡಲಿಲ್ಲ. ಮಫ್ಲರ್ ತಾನಾಗಿ ದನಿ ಹುಟ್ಟಿಸುವುದಿಲ್ಲ ಅಲ್ವಾ? ಎಂಜಿನ್ ಮತ್ತು ಪೈಪ್ ಕೊಟ್ಟದ್ದರಲ್ಲಿ ಯಾವುದನ್ನು ಕಳೆಯಬೇಕು ಅನ್ನುವುದಷ್ಟೇ ಅದರ ಕೆಲಸ.

ಯಾವ ಮಫ್ಲರ್ ಏನನ್ನು ಕಳೆಯುತ್ತದೆ? ಚೇಂಬರ್ ಮಫ್ಲರ್ ಒಳಗೆ ತಗಡಿನ ಅಡ್ಡಗೋಡೆಗಳು ಮಾತ್ರ. ಅಲೆ ಗೋಡೆಗೆ ಬಡಿದು ಹಿಂದಕ್ಕೆ ಬಂದು ಮುಂದಿನ ಅಲೆಯನ್ನು ಒಂದಷ್ಟು ತಿನ್ನುತ್ತದೆ. ಗುಟುರು ಚೆನ್ನಾಗಿ ಬರುತ್ತದೆ, ಆದರೆ ಡಬ್ಬಿ ಚಿಕ್ಕದಾದಷ್ಟೂ ಕೆಳದನಿ ಹಾಗೇ ದಾಟಿ ಹೋಗುತ್ತದೆ. ನೇರ ಕೊಳವೆಯ ಮಫ್ಲರ್‌ನಲ್ಲಿ ತೂತು ತೂತಿನ ಪೈಪ್, ಸುತ್ತ ಗಾಜಿನ ನಾರು ಅಥವಾ ಸ್ಟೀಲ್ ಉಣ್ಣೆ. ಕರ್ಕಶ ಸದ್ದನ್ನು ಅದು ಕುಡಿದುಬಿಡುತ್ತದೆ, ಕೆಳದನಿಗೆ ಅಷ್ಟಾಗಿ ಏನೂ ಮಾಡುವುದಿಲ್ಲ. ಇದರ ಹಳೆಯ, ಸಣಕಲು ರೂಪವೇ ಗ್ಲಾಸ್‌ಪ್ಯಾಕ್. ಕೆಂಪು ಬಣ್ಣದ ಚೆರ್ರಿ ಬಾಂಬ್ ನೋಡಿರಬಹುದು. ವರ್ಷ ಕಳೆದ ಹಾಗೆ ಒಳಗಿನ ನಾರು ಸುಟ್ಟು ಹಾರಿಹೋಗಿ ಸದ್ದು ಜೋರಾಗುತ್ತಾ ಹೋಗುತ್ತದೆ, ಅದನ್ನು ಹಾಕಿಸುವವರಿಗೆ ಇದನ್ನು ಮೊದಲೇ ಹೇಳಬೇಕು. ಮೂರನೆಯದು ಟರ್ಬೊ ಮಫ್ಲರ್. 1960ರ ದಶಕದ ಷೆವ್ರೊಲೆ ಕಾರ್ವೇರ್‌ನ ಟರ್ಬೊ ಮಾದರಿಯ ಮಫ್ಲರ್‌ನಿಂದ ಬಂದ ಹೆಸರು. ಮೊಟ್ಟೆಯಾಕಾರದ ದೊಡ್ಡ ಡಬ್ಬಿ, ಒಳಗೆ ಹೊಗೆ ಮೂರು ಸಲ ಹಿಂದೆ ಮುಂದೆ ಹರಿದು ಹೊರಗೆ ಬರುತ್ತದೆ. ನೋಡಲು ಬಡಪಾಯಿ. ಹೆದ್ದಾರಿಯಲ್ಲಿ ಕೂತು ಮಾತಾಡಬೇಕು ಅನ್ನುವವರಿಗೆ ನಾನು ಮೊದಲು ತೋರಿಸುವುದು ಇದನ್ನೇ.

ಜಿಟಿಒವನ್ನು ಮತ್ತೆ ಲಿಫ್ಟ್ ಮೇಲೆ ಹಾಕಿದೆ. ಕೂಲಿ ತೆಗೆದುಕೊಳ್ಳುವ ಪ್ರಶ್ನೆಯೇ ಇರಲಿಲ್ಲ. ಮೊದಲು ಎರಡು ಪೈಪಿನ ನಡುವೆ ಎಚ್ ಆಕಾರದ ಜೋಡಣೆ. ಇದು ಪೂರ್ತಿ ಬೆರೆಸುವುದಿಲ್ಲ, ಒಂದಷ್ಟು ಹಂಚಿಕೊಳ್ಳಲು ಬಿಡುತ್ತದೆ. ಎಲ್ಲಿ ಹಾಕಬೇಕು ಅನ್ನುವುದಕ್ಕೆ ನಮ್ಮ ಶಾಪ್‌ನ ಹಿರಿಯ ವೆಲ್ಡರ್ ಕಲಿಸಿದ ಉಪಾಯ ಒಂದಿದೆ. ಪೈಪಿನ ಉದ್ದಕ್ಕೂ ಅಗ್ಗದ ಪೇಂಟಿನ ಒಂದು ಗೆರೆ ಎಳೆದು ಗಾಡಿ ಓಡಿಸಿ ಬರುವುದು. ಪೇಂಟ್ ಜಾಸ್ತಿ ಸುಟ್ಟು ನಿಂತ ಕಡೆ ಎಚ್ ಕೂರಿಸುವುದು. ಲ್ಯಾಬ್‌ನಲ್ಲಿ ಇದನ್ನು ಯಾರೂ ನನಗೆ ಹೇಳಿರಲಿಲ್ಲ. ಆಮೇಲೆ ಚಿಕ್ಕ ಮಫ್ಲರ್ ತೆಗೆದು ದೊಡ್ಡ ಡಬ್ಬಿಯ ಟರ್ಬೊ ಹಾಕಿದೆ. ಬಾಲದ ಪೈಪನ್ನು ಆಕ್ಸಲ್ ಮೇಲಿಂದ ಹಿಂದಿನ ಬಂಪರ್‌ವರೆಗೂ ತಂದೆ. ಚಕ್ರದ ಮುಂದೆಯೇ ಬಾಯಿ ಬಿಟ್ಟರೆ ಸದ್ದು ನೇರ ಕ್ಯಾಬಿನ್ನಿನ ತಳಕ್ಕೆ ಬಡಿಯುತ್ತದೆ.

ಎರಡೂ ಮೊನೆ ಇಳಿದವು. ಆದರೂ 133 ಹರ್ಟ್ಜ್ ಇನ್ನೂ ಕಾಡುತ್ತಿತ್ತು. ಅದಕ್ಕೆ ಪ್ರತಿ ಪೈಪಿಗೂ ತುದಿ ಮುಚ್ಚಿದ ಒಂದು ಕವಲು ಪೈಪ್ ಹಾಕಿದೆ. ಇಲ್ಲಿ ಜೆ-ಪೈಪ್ ಅಂತಾರೆ. ಅಲೆ ಅದರೊಳಗೆ ಹೋಗಿ ತಿರುಗಿ ಬರುವಷ್ಟರಲ್ಲಿ ಸರಿಯಾಗಿ ಉಲ್ಟಾ ಆಗಿರುತ್ತದೆ, ಹೊಸದಾಗಿ ಬರುವ ಅಲೆಯನ್ನು ಅಳಿಸುತ್ತದೆ. ಉದ್ದ ಎಷ್ಟಿರಬೇಕು ಅಂದರೆ ಆ ದನಿಯ ಅಲೆಯ ಕಾಲು ಭಾಗ. 200 ಡಿಗ್ರಿ ಸೆಲ್ಸಿಯಸ್ ಬಿಸಿಯ ಹೊಗೆಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 436 ಮೀಟರ್ ಓಡುತ್ತದೆ. ಲೆಕ್ಕ ಹಾಕಿದರೆ 82 ಸೆಂಟಿಮೀಟರ್, ಸುಮಾರು 32 ಇಂಚು. ಮೊದಲು 36 ಇಂಚು ಇಟ್ಟು, ಒಳಗೆ ಜಾರುವ ಮುಚ್ಚಳ ಹಾಕಿ, ಓಡಿಸಿ ನೋಡುತ್ತಾ ಬಂದೆ. 31ರಲ್ಲಿ ಸರಿಹೋಯಿತು. ಕವಲಿನೊಳಗೆ ಹೊಗೆ ಹರಿಯುವುದಿಲ್ಲ, ತಣ್ಣಗಿರುತ್ತದೆ, ಹಾಗಾಗಿ ಲೆಕ್ಕಕ್ಕಿಂತ ಒಂದು ಇಂಚು ಗಿಡ್ಡ. 31ಕ್ಕೆ ಕತ್ತರಿಸಿ ವೆಲ್ಡ್ ಮಾಡಿದೆ.

ಇದಕ್ಕೆ ಬೆಲೆ ಇರಲಿಲ್ಲ ಅಂತ ಹೇಳಲಾರೆ. ನಿಂತಲ್ಲಿ ಬರುತ್ತಿದ್ದ ಆ ಒರಟುತನ ಸ್ವಲ್ಪ ಮೆತ್ತಗಾಯಿತು. ಹಿರಿಯರು ಹಿಂದೆ ನಿಂತು ಬಹಳ ಹೊತ್ತು ಕೇಳಿದರು. "ಮೊದಲಿನಷ್ಟು ಇಲ್ಲ" ಅಂದರು. ಇಲ್ಲ ಅಂತ ನಾನೂ ಒಪ್ಪಿದೆ. ಆಮೇಲೆ ಅವರು ಮನೆಗೆ ಫೋನ್ ಮಾಡಿ ಹೆಂಡತಿಯನ್ನು ಕರೆಸಿದರು. ಇಬ್ಬರೂ ಹೆದ್ದಾರಿಗೆ ಹೋಗಿ ಮುಕ್ಕಾಲು ಗಂಟೆ ಬಿಟ್ಟು ಬಂದರು. ಆಕೆ ಇಳಿದವರೇ ನನ್ನ ಹತ್ತಿರ ಬಂದು, "ರೇಡಿಯೊ ಕೇಳಿಸಿತು" ಅಂದರು.

ಎರಡೂ ಬೇಕು ಅನ್ನುವ ಆಸೆ ಕಾರು ಮಾಡಿದವರಿಗೇ ಇತ್ತು. 1970ರ ಜಿಟಿಒದಲ್ಲಿ ಕೆಲವು ತಿಂಗಳು ಮಾತ್ರ ಒಂದು ಆಯ್ಕೆ ಕೊಟ್ಟಿದ್ದರು. ಡ್ಯಾಶ್‌ಬೋರ್ಡಿನ ಕೆಳಗೆ ಒಂದು ಗುಂಡಿ. ಎಳೆದರೆ ಎಂಜಿನ್‌ನ ನಿರ್ವಾತದ ಬಲದಿಂದ ಮಫ್ಲರ್ ಒಳಗಿನ ಬಾಗಿಲು ತೆರೆದು ಸದ್ದು ಜೋರಾಗುತ್ತಿತ್ತು. ಆ ಜನವರಿಯ ಸೂಪರ್ ಬೌಲ್, ಅಂದರೆ ಅಮೆರಿಕನ್ ಫುಟ್‌ಬಾಲ್‌ನ ಫೈನಲ್ ಪಂದ್ಯದ ವೇಳೆ ಅದರ ಜಾಹೀರಾತು ಟಿವಿಯಲ್ಲಿ ಬಂತು. ಅದರ ಬೆನ್ನಿಗೇ ಪಾಂಟಿಯಾಕ್‌ನ ಒಡೆತನದ ಕಂಪನಿ ಜನರಲ್ ಮೋಟರ್ಸ್‌ನ ಮೇಲಿನವರು ಆ ಆಯ್ಕೆಯನ್ನೇ ನಿಲ್ಲಿಸಿದರು. ಅಷ್ಟರಲ್ಲಿ ತಯಾರಾಗಿದ್ದು ಸುಮಾರು 230 ಗಾಡಿ. ಅಂಥದ್ದೊಂದನ್ನು ಲಿಫ್ಟ್ ಮೇಲೆ ನೋಡುವ ಆಸೆ ನನಗೆ ಇನ್ನೂ ಇದೆ.

ಈಗ ನಮ್ಮ ಶಾಪ್‌ನ ಕೆಲಸದ ಚೀಟಿಯಲ್ಲಿ ಮೂರು ಸಾಲು ಜಾಸ್ತಿಯಾಗಿವೆ. ಹಿಂದಿನ ಆಕ್ಸಲ್ ಅನುಪಾತ. ಕೊನೆಯ ಗೇರಿನ ಅನುಪಾತ. ಪಕ್ಕದ ಸೀಟಲ್ಲಿ ಯಾರು, ಎಷ್ಟು ಹೊತ್ತು ಕೂರುತ್ತಾರೆ. ಮೂರನೆಯದನ್ನು ಕೇಳಿದಾಗ ಕೆಲವರು ನನ್ನ ಮುಖ ನೋಡುತ್ತಾರೆ. ಹೆದ್ದಾರಿಯಲ್ಲಿ ಓಡಿಸಿ ನೋಡದೇ ಯಾವ ಗಾಡಿಯನ್ನೂ ಕೊಡುವುದಿಲ್ಲ, ಆಗಸ್ಟ್ ತಿಂಗಳ ಗಡಿಬಿಡಿಯಲ್ಲೂ.

ಮುಂದಿನ ವಾರ 1970ರ ಷೆವೆಲ್ ಒಂದು ಬರುತ್ತಿದೆ. ಮಾಲೀಕ ಹುಡುಗ ಗ್ಲಾಸ್‌ಪ್ಯಾಕ್ ಬೇಕೇ ಬೇಕು ಅಂತ ವಿಡಿಯೊ ಕಳಿಸಿದ್ದಾನೆ. 65 ಮೈಲಿಯಲ್ಲಿ ಎಂಜಿನ್ ಎಷ್ಟು ಸುತ್ತು ತಿರುಗುತ್ತದೆ ನೋಡಿ ತಿಳಿಸಪ್ಪಾ ಅಂತ ಬರೆದಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.