ಹತ್ತು ದಿನದ ರಜೆಯಲ್ಲಿ ಒಂದು ಮಾತ್ರೆ

2019ರ ಏಪ್ರಿಲ್ ಕೊನೆ. ಹೊಸ ಚಕ್ರವರ್ತಿ ಪಟ್ಟಕ್ಕೇರುತ್ತಾರೆ ಅಂತ ಜಪಾನಿಗೆಲ್ಲ ಸಾಲಾಗಿ ಹತ್ತು ದಿನ ರಜೆ. ನಾವಿದ್ದದ್ದು ಟೋಕಿಯೊದ ನಿಶಿಕಸಾಯಿಯಲ್ಲಿ. ಮೂರನೇ ರಾತ್ರಿ ಕಾಂಡೋಮ್ ಹರಿಯಿತು.

ದಾವಣಗೆರೆಯಾಗಿದ್ದರೆ ಬೆಳಿಗ್ಗೆ ಮೆಡಿಕಲ್ ಶಾಪಿಗೆ ಹೋಗಿ, ನೂರು ರೂಪಾಯಿ ಆಸುಪಾಸು ಕೊಟ್ಟು ಗರ್ಭ ನಿಲ್ಲದ ಹಾಗೆ ತಡೆಯುವ ಮಾತ್ರೆ ತಂದರೆ ಮುಗೀತು. ಅಂಗಡಿಯವನು ಒಂಥರಾ ನೋಡಬಹುದು, ಅಷ್ಟೇ. ಇಲ್ಲಿ ಕಾಂಡೋಮ್ ಏನೋ ಮೂಲೆ ಮೂಲೆಯ ಕೊಂಬಿನಿ ಅನ್ನೋ ಚಿಲ್ಲರೆ ಅಂಗಡಿಯಲ್ಲೂ ಸಿಗುತ್ತದೆ. ಅದು ಕೈಕೊಟ್ಟರೆ ಬೇಕಾಗುವ ಮಾತ್ರೆಗೆ ಮಾತ್ರ ಡಾಕ್ಟರ ಚೀಟಿ ಬೇಕಿತ್ತು. 72 ಗಂಟೆಯೊಳಗೆ ನುಂಗಬೇಕು, ನೋಡಿದರೆ ಊರಿಗೆ ಊರೇ ರಜೆಯಲ್ಲಿದೆ. ನನ್ನ ಗಂಡ ಏಳು ಕ್ಲಿನಿಕ್‌ಗೆ ಫೋನ್ ಮಾಡಿದ. ಆರರಲ್ಲಿ ರೆಕಾರ್ಡ್ ಮಾಡಿಟ್ಟ ದನಿ ಬಹಳ ವಿನಯದಿಂದ ಕ್ಷಮೆ ಕೇಳಿತು.

ಏಳನೆಯದಕ್ಕೆ ರೈಲಿನಲ್ಲಿ ನಲವತ್ತು ನಿಮಿಷ. ಕ್ಲಿನಿಕ್‌ನ ಟಿವಿಯಲ್ಲಿ ಹಳೇ ಚಕ್ರವರ್ತಿ ಪಟ್ಟ ಬಿಡುವ ದಿನದ ಸುದ್ದಿ. ಎದುರಿಗೆ ಕೂತಿದ್ದವರ ಬ್ಯಾಗಿನಲ್ಲಿ, ‘ಹೊಟ್ಟೆಯಲ್ಲಿ ಮಗುವಿದೆ’ ಅಂತ ಬರೆದ ಗುಲಾಬಿ ಬಿಲ್ಲೆ ತೂಗಾಡುತ್ತಿತ್ತು. ನಾನು ಕೈ ಅಡ್ಡ ಇಟ್ಟುಕೊಂಡು ಫಾರಂ ತುಂಬಿದೆ, ಪರೀಕ್ಷೆಯಲ್ಲಿ ಪಕ್ಕದವಳು ಕಾಪಿ ಹೊಡೀತಾಳೇನೋ ಅನ್ನುವ ಹಾಗೆ. ರಿಸೆಪ್ಶನ್ ಹುಡುಗಿ "ಅಫುತಾ ಪಿರು?" ಅಂದಳು. ಎಷ್ಟು ಮೆಲ್ಲಗೆ ಅಂದರೆ, ನಾನೇ "ಏನಂದ್ರಿ?" ಅಂತ ಕೇಳಬೇಕಾಯಿತು. ಆಫ್ಟರ್ ಪಿಲ್ ಅಂತ ಅದರರ್ಥ. ಡಾಕ್ಟರು ಜಾಸ್ತಿ ಮಾತಾಡಲಿಲ್ಲ. ಎಷ್ಟು ಹೊತ್ತಾಯಿತು, ಇದೇ ಮೊದಲ ಸಲವಾ? ಅವರೆದುರೇ ನುಂಗಿದೆ. ಬಿಲ್ 15,000 ಯೆನ್. ಹೆಚ್ಚುಕಮ್ಮಿ ಒಂಬತ್ತೂವರೆ ಸಾವಿರ ರೂಪಾಯಿ! ಗರ್ಭ ತಡೆಯೋದು ಕಾಯಿಲೆಯಲ್ಲ, ಹಾಗಾಗಿ ಇನ್ಶೂರೆನ್ಸ್ ಇಲ್ಲ.

ರಜೆ ಮುಗಿದ ಮೇಲೆ ಆಫೀಸಿನ ಗೆಳತಿಗೆ ಹೇಳಿದೆ. ಅವಳು ದಿನಾ ನುಂಗುವ ಪಿಲ್ ತಗೊಳ್ಳುತ್ತಾಳೆ, ಮುಟ್ಟಿನ ನೋವಿಗೆ. ನೋವು ಅಂದರೆ ಇನ್ಶೂರೆನ್ಸೂ ಉಂಟು, ಯಾರೂ ಹುಬ್ಬೇರಿಸುವುದೂ ಇಲ್ಲ. ಗರ್ಭ ತಡೆಯೋದಕ್ಕೆ ದಿನಾ ನುಂಗುವ ಪಿಲ್‌ಗೆ ಜಪಾನ್ ದಶಕಗಟ್ಟಲೆ ಕಾಯಿಸಿ ಒಪ್ಪಿಗೆ ಕೊಟ್ಟಿದ್ದು 1999ರಲ್ಲಿ. ಅದೇ ವರ್ಷ ವಯಾಗ್ರಕ್ಕೆ ಆರೇ ತಿಂಗಳಲ್ಲಿ ಒಪ್ಪಿಗೆ ಸಿಕ್ಕಿತ್ತು. ಇದನ್ನು ಹೇಳಿ ಅವಳು ಬಾಯಿ ಮುಚ್ಚಿಕೊಂಡು ನಕ್ಕಳು. ನನಗೆ ನಗು ಬರಲಿಲ್ಲ. 2023ರ ನವೆಂಬರಿನಲ್ಲಿ ಅಫುತಾ ಪಿರುವನ್ನು ಚೀಟಿಯಿಲ್ಲದೆ, ಪ್ರಯೋಗಕ್ಕೆ ಅಂತ, ಮಾರಲು ಬಿಟ್ಟರು. ಆಗ ಇಡೀ ದೇಶಕ್ಕೆ 145 ಅಂಗಡಿ!

ಅಮ್ಮನಿಗೆ ಇದ್ಯಾವುದೂ ಗೊತ್ತಿಲ್ಲ. ಮಾತ್ರೆ ನುಂಗಿದ ದಿನ ಸಂಜೆ ಹೊಟ್ಟೆ ತೊಳಸಿ ಮಲಗಿದ್ದಾಗ ಅವಳ ಫೋನ್ ಬಂತು.

"ಅಷ್ಟು ದಿನ ರಜೆ ಅಂತೀರ. ಏನಾದ್ರೂ ವಿಶೇಷ ಇದೆಯೇನೇ?"

"ವಿಶೇಷ ಏನಿಲ್ಲಮ್ಮ. ಸುಮ್ನೆ ರೈಲಲ್ಲಿ ಒಂದು ಸುತ್ತು ಹೋಗಿ ಬಂದ್ವಿ."